ಗದಿಗೆವ್ವನ ಎಡಗಾಲು

ಗದಿಗೆವ್ವನ ಎತ್ತರವನ್ನು ಮೊದಲು ಅಳೆದದ್ದು ಟೊಮೆಟೊ ಗಿಡಗಳು. ಕುಪ್ಪೇಲೂರಿನ ಹೊಲಗಳಲ್ಲಿ, ಕೋಲಿಗೆ ಕಟ್ಟಿ ಬೆಳೆಸಿದ ಸಾಲುಗಳ ನಡುವೆ, ಉಳಿದ ಹೆಂಗಸರು ನಡು ಬಗ್ಗಿಸಿ ಮೊಗ್ಗು ಹುಡುಕುವಾಗ ಅವಳು ನೆಟ್ಟಗೆ ನಿಂತೇ ಹುಡುಕುತ್ತಿದ್ದಳು. ಸಂಜೆ ಎಲ್ಲರೂ ಸೊಂಟ ಹಿಡಿದುಕೊಂಡು ಮನೆಗೆ ಹೋದರೆ ಅವಳು ಕೈಬೀಸಿಕೊಂಡು ಹೋಗುತ್ತಿದ್ದಳು. ಗಿಡ ಇನ್ನೂ ಬೆಳೆದು ಅವಳ ತಲೆ ದಾಟಿದಾಗ ಮಾತ್ರ ತೊಂದರೆ. ಒಮ್ಮೆ ಮೇಲಿನ ಹೂವಿಗಾಗಿ ಟೊಂಗೆಯನ್ನು ತನ್ನ ಕಡೆ ಎಳೆದಳು. ಟೊಂಗೆ ಲಟಕ್ಕನೆ ಮುರಿಯಿತು. ಅವಳ ಅವ್ವ ಬೈಯಲಿಲ್ಲ. ನೀರಿನ ಬಕೀಟನ್ನು ಬೋರಲು ಹಾಕಿ ಕಾಲ ಬಳಿ ಇಟ್ಟಳು.

"ಗಿಡಾ ಬಗ್ಗಸಬ್ಯಾಡ. ನೀ ಏರು."

ಈಗ ಗದಿಗೆವ್ವನಿಗೆ ನಲವತ್ತು ಹತ್ತಿರ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಹೊಲ ನೋಡಿಕೊಳ್ಳುವ ಸೂಪರ್‌ವೈಸರ್. ಒಂದು ಕಾಲಕ್ಕೆ ತಾನು ಮಾಡುತ್ತಿದ್ದ ಕೆಲಸವನ್ನೇ ಈಗ ಬೇರೆಯವರಿಂದ ಮಾಡಿಸುತ್ತಾಳೆ. ಈ ಸೀಮೆಯಲ್ಲಿ ಅದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆ ಬಿಡಿಸಿ, ಅದರೊಳಗಿನ ಗಂಡು ಕೇಸರಗಳನ್ನು ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಗಂಡು ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಬೆರಳಿಗೆ ಉಂಗುರದಂತೆ ತೊಟ್ಟ ಪುಟ್ಟ ಬಟ್ಟಲಿನಲ್ಲಿ ಹಳದಿ ಪುಡಿ ಇರುತ್ತದೆ. ಹೂವನ್ನು ಅದಕ್ಕೆ ಅದ್ದಿ ತೆಗೆದರೆ ಮುಗಿಯಿತು. ಬಿಸಿಲೇರಿದ ಮೇಲೆ ಮುಟ್ಟಿಸಿದರೆ ಕಾಯಿ ಕಚ್ಚುವ ಭರವಸೆ ಇಲ್ಲ.

ಗದಿಗೆವ್ವನ ಕಂಪನಿಯಲ್ಲಿ ಗಂಡು ಗಿಡಗಳನ್ನು ಎಲ್ಲ ರೈತರಿಗೂ ಕೊಡುವುದಿಲ್ಲ. ತಳಿ ಕಳವಾದೀತೆಂಬ ಭಯ. ಮೇಡ್ಲೇರಿಯಲ್ಲಿ ಒಬ್ಬ ನಂಬಿಕಸ್ತ ರೈತನ ಹೊಲದಲ್ಲಿ ಮಾತ್ರ ಅವು ಬೆಳೆಯುತ್ತವೆ. ಅಲ್ಲಿ ಒಣಗಿಸಿ ಸೋಸಿದ ಪರಾಗವನ್ನು ಪುಟ್ಟ ಬಾಟಲಿಗಳಲ್ಲಿ ತುಂಬಿ, ತಂಪು ಡಬ್ಬಿಯಲ್ಲಿಟ್ಟುಕೊಂಡು, ಹೊಳೆ ದಂಡೆಯ ಹೊಲಗಳಿಗೆ ಪ್ರತಿ ಬೆಳಿಗ್ಗೆ ಮುಟ್ಟಿಸುವುದು ಗದಿಗೆವ್ವನ ಕೆಲಸ. ಕೊನೆಯ ಹೊಲ ಗಳಗನಾಥದ್ದು. ಅಲ್ಲಿಗೆ ಡಬ್ಬಿ ತಲುಪುವವರೆಗೆ ಹತ್ತಾರು ಹೆಂಗಸರು ಬೆರಳಿಗೆ ಖಾಲಿ ಉಂಗುರ ತೊಟ್ಟು ದಾರಿ ನೋಡುತ್ತಿರುತ್ತಾರೆ.

ಹಿಂದಿನ ವರ್ಷ ಅವಳ ಬಳಿ ಸ್ಕೂಟಿ ಇತ್ತು. ಡಾಂಬರು ಇರುವವರೆಗೆ ಅದು ಚಿನ್ನದಂಥ ಗಾಡಿ. ಹೊಲದ ದಾರಿಗೆ ಇಳಿದು ಒಂದು ಮಳೆ ಬಂತೆಂದರೆ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹೊಕ್ಕು, ಗಾಲಿ ತಿರುಗುವುದೇ ನಿಂತುಬಿಡುತ್ತಿತ್ತು. ಕಡ್ಡಿ ಹಾಕಿ ಮಣ್ಣು ಕೆತ್ತಿ ತೆಗೆಯಬೇಕು, ಹತ್ತು ಮಾರು ನೂಕಬೇಕು, ಮತ್ತೆ ಕೆತ್ತಬೇಕು. ಒಂದೆರಡು ಬೆಳಿಗ್ಗೆ ಹಾಗೆಯೇ ಹೋದವು. ಮ್ಯಾನೇಜರ್ ಪ್ರೇಮಕುಮಾರ ಕೆಟ್ಟ ಮನುಷ್ಯನಲ್ಲ. ಗಾಡಿಯ ವ್ಯವಸ್ಥೆ ನೀವೇ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮುಂದಿನ ಹಂಗಾಮಿಗೆ ಹೊಳೆ ದಂಡೆಯ ಲೈನನ್ನು ಹುಲಿಗೇಶನಿಗೆ ಕೊಡುತ್ತೇನೆ ಎಂದು ಮೊದಲೇ ಹೇಳಿಟ್ಟಿದ್ದ. ಹುಲಿಗೇಶ ಇನ್ನೊಬ್ಬ ಸೂಪರ್‌ವೈಸರ್, ಆರಡಿಯ ಹುಡುಗ, ದೊಡ್ಡ ಬೈಕು ಉಳ್ಳವನು. ಗದಿಗೆವ್ವನಿಗೆ ಊರೊಳಗಿನ ಪ್ಯಾಕಿಂಗ್ ವಿಭಾಗ ಕಾದಿತ್ತು. ಫ್ಯಾನು, ಕುರ್ಚಿ, ನೆರಳು. ಆ ಮೂರನ್ನೂ ನೆನೆದರೆ ಅವಳಿಗೆ ಉಸಿರು ಕಟ್ಟುತ್ತಿತ್ತು.

ಹಾಗಾಗಿ ಅವಳು ಬೈಕು ನೋಡಲು ಹಾವೇರಿಗೆ ಹೋದಳು. ಗೇರಿನ ಗಾಡಿ ಅವಳಿಗೆ ಹೊಸದಲ್ಲ. ಹುಡುಗಿಯಾಗಿದ್ದಾಗ ಅಣ್ಣನ ಹಳೆಯ ಬೈಕನ್ನು ಹೊಲದ ಒಡ್ಡಿನ ಪಕ್ಕ ನಿಲ್ಲಿಸಿ ಹತ್ತಿ, ಊರೆಲ್ಲ ಸುತ್ತಿ, ಅದೇ ಒಡ್ಡಿನ ಪಕ್ಕ ತಂದು ನಿಲ್ಲಿಸಿ ಇಳಿಯುತ್ತಿದ್ದಳು. ಕೆಸರಿಗೆ, ಕಲ್ಲಿಗೆ ತಕ್ಕ ಎತ್ತರದ ಬೈಕುಗಳ ಸೀಟು ಮಾತ್ರ ಅವಳ ಎದೆಯ ಮಟ್ಟಕ್ಕೆ ಬರುತ್ತಿತ್ತು. ಆ ವರ್ಷ ಹೊಸದಾಗಿ ಒಂದು ಬಂದಿತ್ತು. ಮಡ್‌ಗಾರ್ಡು ಮೇಲೆ, ಗಾಲಿ ದೊಡ್ಡದು, ಹೊಟ್ಟೆ ನೆಲದಿಂದ ದೂರ, ಆದರೆ ಸೀಟು ತಗ್ಗು, ನಡುವಿನಲ್ಲಿ ಸಪೂರ.

"ಗಿಡ್ಡ ಇದ್ದೋರಿಗೂ ನಡೀತೈತ್ರಿ ಮೇಡಂ," ಎಂದ ಶೋರೂಮಿನ ಹುಡುಗ.

ಗದಿಗೆವ್ವ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದಳು. "ಯಾರ ಬಂದಾರ?"

ಹುಡುಗ ನಾಲಿಗೆ ಕಚ್ಚಿಕೊಂಡ. ಅವಳು ಹತ್ತಿ ಕುಳಿತಳು. ಎರಡೂ ಕಾಲುಗಳ ಬೆರಳ ತುದಿ ನೆಲ ಮುಟ್ಟಿದವು. ಹಿಮ್ಮಡಿ ಮುಟ್ಟಲಿಲ್ಲ. ಆದರೂ ಇಷ್ಟು ಎತ್ತರದ ಗಾಡಿಯ ಮೇಲೆ ಕೂತು ನೆಲವನ್ನು ಬೆರಳಿನಿಂದಲಾದರೂ ಮುಟ್ಟಿದ್ದು ಅದೇ ಮೊದಲು. ಪಕ್ಕದಲ್ಲಿ ನಿಂತಿದ್ದ ಗಂಡ ಮನೋಹರನ ಮುಖ ನೋಡಿದಳು. ಅವನು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿಯಲ್ಲಿ ತೂಕ ನೋಡಿಕೊಳ್ಳುವವನು. ಎತ್ತರದ, ಮೆದು ಮಾತಿನ ಮನುಷ್ಯ. ಅವಳ ಕಾಲಿನ ಕೆಳಗಿನ ಆ ಬೆರಳಗಲದ ಸಂದನ್ನೇ ನೋಡುತ್ತ ಅವನು ಆಗಲಿ ಎಂದು ತಲೆಯಾಡಿಸಿದ.

ದಸರೆಗೆ ಮುಂಚೆ ಗಾಡಿ ಮನೆಗೆ ಬಂತು. ಗಾಲಿಯ ಕೆಳಗೆ ನಿಂಬೆಹಣ್ಣು ಒಡೆಯಿತು. ಬ್ಯಾಡಗಿಯ ಒಣಮೆಣಸಿನಕಾಯಿಯನ್ನು ಮುಷ್ಟಿ ತುಂಬ ಹಿಡಿದು ಮನೋಹರ ಗಾಡಿಗೂ ಹೆಂಡತಿಗೂ ಕೂಡಿಸಿಯೇ ದೃಷ್ಟಿ ತೆಗೆದು ಕೆಂಡಕ್ಕೆ ಹಾಕಿದ. ಓಣಿಯವರೆಲ್ಲ ಕೆಮ್ಮಿದರು.

ಬಿದ್ದದ್ದು ಆ ವಾರವೇ, ರಾಣೆಬೆನ್ನೂರಿನ ಬಸ್ ನಿಲ್ದಾಣದ ಎದುರು. ಬಸ್ಸೊಂದು ಒಮ್ಮೆಲೇ ಅಡ್ಡ ಬಂತು. ಅವಳು ಬ್ರೇಕು ಹಿಡಿದು ಎರಡೂ ಕಾಲು ಚಾಚಿದಳು. ಬಲಗಾಲಿನ ಕೆಳಗೆ ರಸ್ತೆ ಇಳಿಜಾರಾಗಿತ್ತು. ಬೆರಳು ನೆಲವನ್ನು ಹುಡುಕಿತು, ಸಿಗಲಿಲ್ಲ. ಗಾಡಿ ನಿಧಾನವಾಗಿ, ಯಾರೋ ಮಲಗಿಸಿದಂತೆ, ಪಕ್ಕಕ್ಕೆ ಮಲಗಿತು. ಪೆಟ್ಟೇನೂ ಆಗಲಿಲ್ಲ. ಎತ್ತಲು ನಾಲ್ಕು ಜನ ಬಂದರು. ನಗಲು ಇನ್ನೂ ಹೆಚ್ಚು ಜನ ಇದ್ದರು. ಕುದುರೆ ಮೇಲೆ ಗುಬ್ಬಿ ಕುಂತಂಗಾತು ಎಂದು ಯಾರೋ ಹಿಂದಿನಿಂದ ಅಂದರು. ಆಟೋದವನೊಬ್ಬ ಬಹಳ ಕಾಳಜಿಯಿಂದ ಕೇಳಿದ:

"ಅಕ್ಕಾರ, ಗಾಡಿ ನೀವು ಹೊಡಿಯಾಕತ್ತೀರೇನು, ಗಾಡಿನ ನಿಮ್ಮನ್ನ ಹೊಡಿಯಾಕತ್ತೈತೋ?"

ಆ ಮಾತು ಅವಳೊಂದಿಗೆ ಮನೆಗೂ ಬಂತು, ಅಡುಗೆಮನೆಗೂ ಬಂತು. ರೊಟ್ಟಿ ಬಡಿಯುವಾಗಲೂ ಕೇಳುತ್ತಿತ್ತು. ಮನೋಹರನಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಊಟ ಮುಗಿದ ಮೇಲೆ ಅವನು ಹೇಳಿದ: "ಎರಡೂ ಕಾಲ ನೆಲಕ್ಕ ಪೂರಾ ಹತ್ತಬೇಕ ನೋಡ ಗದಿಗೀ. ಇಲ್ಲಂದ್ರ ನಾ ಅಂಗಡ್ಯಾಗ ಕುಂತ್ರೂ ನನ್ನ ಜೀವ ನಿನ್ನ ಗಾಡಿ ಹಿಂದ ಓಡತಿರತೈತಿ."

ಅವಳಿಗೂ ಅದೇ ಸರಿ ಅನ್ನಿಸಿತು. ಮರುದಿನ ಜಹಾಂಗೀರ ಮಿಸ್ತ್ರಿಯ ಗ್ಯಾರೇಜಿಗೆ ಹೋದಳು. ಸ್ಕೂಟಿಯ ಕಾಲದಿಂದಲೂ ಅವಳ ಗಾಡಿ ನೋಡಿದವನು ಅವನೇ. ಹಿಂದಿನ ಶಾಕ್ ಅಬ್ಸಾರ್ಬರಿನ ಕೊಂಡಿ ಬದಲಿಸಿ, ಮುಂದಿನ ಫೋರ್ಕನ್ನು ಮೇಲಕ್ಕೆ ಸರಿಸಿದರೆ ಗಾಡಿ ಎರಡು ಬೆರಳು ಕೆಳಗೆ ಕೂರುತ್ತದೆ ಎಂದು ಅವನು ತೋರಿಸಿದ. ಗಾಡಿ ತಗ್ಗಿದರೆ ಸ್ಟ್ಯಾಂಡು ಉದ್ದವಾಗಿ, ನಿಲ್ಲಿಸಿದ ಗಾಡಿ ಇನ್ನೊಂದು ಬದಿಗೆ ಉರುಳುತ್ತದೆ, ಆದ್ದರಿಂದ ಸ್ಟ್ಯಾಂಡನ್ನೂ ಕೊಯ್ಯಬೇಕು ಎಂದ. ಎಲ್ಲ ಹೇಳಿ, ಪಾನಾ ಕೈಗೆತ್ತಿಕೊಂಡ.

"ಇಳಸತೀನಿ ತಂಗೀ. ಆದ್ರ ಗಾಡಿ ಇಳದ್ರ ಅದರ ಹೊಟ್ಟಿನೂ ಇಳೀತೈತಿ."

"ಇಳೀಲಿ ಬಿಡ್ರಿ. ನಾ ಬೀಳೂದು ನಿಂತ್ರ ಸಾಕು."

ಸಂಜೆ ಅವಳು ಹತ್ತಿ ಕುಳಿತಾಗ ಎರಡೂ ಹಿಮ್ಮಡಿಗಳು ನೆಲದ ಮೇಲೆ ಚಪ್ಪಟೆಯಾಗಿ ಕೂತವು. ಗದಿಗೆವ್ವನಿಗೆ ತಾನು ಬೆಳೆದೆನೆಂದೇ ಅನ್ನಿಸಿತು. ಬಸ್ ನಿಲ್ದಾಣದ ಎದುರು ಬೇಕೆಂದೇ ಎರಡು ಸಲ ಹಾದುಹೋದಳು. ಒಮ್ಮೆ ಕಾರಣವಿಲ್ಲದೆ ನಿಲ್ಲಿಸಿ ಎರಡೂ ಕಾಲೂರಿ, ಹೆಲ್ಮೆಟ್ಟಿನ ಬೆಲ್ಟು ಸರಿಮಾಡಿಕೊಂಡಳು. ಆಟೋದವನು ಅಲ್ಲಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಭಾನುವಾರ ಮನೋಹರನನ್ನು ಹಿಂದೆ ಕೂರಿಸಿಕೊಂಡು ಬ್ಯಾಡಗಿಗೆ ಹೋದಳು. ಮೆಣಸಿನಕಾಯಿಯ ಹಂಗಾಮು ಇನ್ನೂ ದೂರವಿತ್ತು. ಆದರೂ ಊರು ಹತ್ತಿರವಾದಂತೆ ಗಾಳಿಗೆ ಘಾಟು ಬಂತು, ಹೆಲ್ಮೆಟ್ಟಿನೊಳಗೇ ಸೀನು ಬಂತು. ಅಂಗಡಿಯ ಎದುರು ಹಮಾಲರು ಚೀಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಎತ್ತರದ ಮನೋಹರ ಹೆಂಡತಿಯ ಬೆನ್ನ ಹಿಂದಿನಿಂದ ಇಳಿದದ್ದನ್ನು ಕಂಡು ಅವರಿಗೆ ಒಂದು ದಿನದ ಮಾತಿಗೆ ಸಾಲುವಷ್ಟು ಸರಕು ಸಿಕ್ಕಿತು. ಮನೋಹರ ಮುಜುಗರ ಪಡಲಿಲ್ಲ. ಇದು ಕೆಸರಾಗೂ ಹೋಗುವ ಗಾಡಿ ಎಂದು ತಾನೇ ಮುಂದಾಗಿ ವರ್ಣಿಸತೊಡಗಿದ. ಗದಿಗೆವ್ವ ಎರಡೂ ಕಾಲು ನೆಲಕ್ಕೂರಿ ಕೂತೇ ಇದ್ದಳು. ಆ ಹಿತ ಅವಳಿಗೆ ಸಾಕೆನಿಸಿರಲಿಲ್ಲ.

ದಸರೆ ಮುಗಿದು ಕ್ರಾಸಿಂಗ್ ಶುರುವಾಯಿತು. ಮೊದಲ ದಿನಗಳು ಒಣಗಿದ್ದವು. ಮೇಡ್ಲೇರಿಯಲ್ಲಿ ಡಬ್ಬಿ ತುಂಬಿಕೊಂಡು, ಹೊಳೆ ದಂಡೆಯ ಹೊಲಗಳನ್ನು ಒಂದೊಂದಾಗಿ ಮುಗಿಸಿ ಅವಳು ಗಳಗನಾಥಕ್ಕೆ ಬರುವಾಗ ಇಬ್ಬನಿ ಇನ್ನೂ ಎಲೆಯ ಮೇಲೆ ಇರುತ್ತಿತ್ತು. ವರದೆ ಬಂದು ತುಂಗಭದ್ರೆಯನ್ನು ಸೇರುವ ಕಡೆಯಿಂದ ತೆಳು ಮಂಜು ಏಳುತ್ತಿತ್ತು. ಅಲ್ಲಿಯ ಹೊಲ ಉಡಚವ್ವನದು. ವಯಸ್ಸಾದರೂ ನಾಲಿಗೆ ಮಾಗದ ಹೆಂಗಸು. ಗಾಡಿಯ ಸಪ್ಪಳ ಕೇಳಿದೊಡನೆ ಸಾಲುಗಳೊಳಗೆ ಕೂಗಿ ಹೇಳುತ್ತಿದ್ದಳು: "ಏಳ್ರೇ, ಗದಿಗೆಕ್ಕ ಗಂಡ ತಂದ್ಲು." ಸಾಲಿನುದ್ದಕ್ಕೂ ನಗು ಹರಿದು ಹೋಗುತ್ತಿತ್ತು.

ಆಮೇಲೆ ಹಿಂಗಾರಿನ ಮಳೆ ಬಂತು. ಒಂದು ರಾತ್ರಿ ಸುರಿದು ಬೆಳಿಗ್ಗೆ ಬಿಟ್ಟಿತ್ತು. ಗಳಗನಾಥದ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದಾಗ ಗಾಡಿ ತನ್ನ ಮಾತು ಉಳಿಸಿಕೊಂಡಿತು. ಎರೆಮಣ್ಣು ಎತ್ತರದ ಮಡ್‌ಗಾರ್ಡಿನ ಕೆಳಗೆ ಸಿಕ್ಕಿಕೊಳ್ಳದೆ ಸಿಡಿದು ಹೋಗುತ್ತಿತ್ತು. ಎರಡು ಬದಿಗೂ ಕಾಲು ಬಿಟ್ಟುಕೊಂಡು, ನೆಲವನ್ನು ಕೆರೆಯುತ್ತ, ಅವಳು ನಿಧಾನಕ್ಕೆ ಸಾಗಿದಳು. ಉಡಚವ್ವನ ಹೊಲಕ್ಕೆ ಮುಂಚೆ ನೀರು ತಡೆಯಲು ಹಾಕಿದ ಒಂದು ಒಡ್ಡು. ಟ್ರ್ಯಾಕ್ಟರುಗಳು ದಾಟಿ ದಾಟಿ ಎರಡು ಬದಿ ಸವೆದು, ನಡುವೆ ಗೂಳಿಯ ಹಿಣಿಲಿನಂತೆ ಎದ್ದು ನಿಂತಿತ್ತು. ಮುಂದಿನ ಗಾಲಿ ಹತ್ತಿತು, ದಾಟಿತು. ಮರುಕ್ಷಣ ಕೆಳಗಿನಿಂದ ಧಡ್ ಎಂದಿತು. ಗಾಡಿ ಒಡ್ಡಿನ ನೆತ್ತಿಯ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿತು. ಹಿಂದಿನ ಗಾಲಿ ಸುಮ್ಮನೆ ತಿರುಗಿ ಕೆಸರು ಎರಚಿತು.

ಎರಡೂ ಹಿಮ್ಮಡಿ ನೆಲಕ್ಕೆ ಹತ್ತಿದ್ದವು. ಗಾಡಿ ಮಾತ್ರ ಕದಲಲಿಲ್ಲ.

ಅವಳು ತಳ್ಳಿದಳು, ಎಳೆದಳು, ಒಡ್ಡಿನ ಮಣ್ಣನ್ನು ಕೈಯಿಂದ ತೋಡಿದಳು. ಒದ್ದೆ ಎರೆಮಣ್ಣು ತೋಡಿದಷ್ಟೂ ಅಂಟುತ್ತದೆ. ಕೊನೆಗೆ ಡಬ್ಬಿಯನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಡೆದಳು. ಚಪ್ಪಲಿ ಕೆಸರಿನಲ್ಲಿ ಉಳಿಯಿತು. ಹೊಲ ಮುಟ್ಟುವಾಗ ಸೂರ್ಯ ನೆತ್ತಿಯ ಕಡೆ ಹೊರಟಿದ್ದ. ಮಳೆ ತೊಳೆದ ಆಕಾಶದಿಂದ ಬಿಸಿಲು ಚುಚ್ಚಿದಂತೆ ಬೀಳುತ್ತಿತ್ತು. ಹೆಂಗಸರು ಬದುವಿನ ಮೇಲೆ ಕೂತಿದ್ದರು. ನಿನ್ನೆ ಸಂಜೆ ಅವರು ಒಂದೊಂದಾಗಿ ಬಿಡಿಸಿದ್ದ ಹೂಗಳ ತುದಿ ಕಂದತೊಡಗಿತ್ತು. ಉಡಚವ್ವ ಬೈಯುತ್ತಾಳೆಂದು ಗದಿಗೆವ್ವ ಕಾದಳು. ಅವಳು ದನಿ ಏರಿಸದೆ ಹೇಳಿದಳು:

"ಹೂವ ಬಾಯಿ ತಕ್ಕೊಂಡ ಕುಂತಿದ್ವು ತಂಗೀ. ಕಾದು ಕಾದು ಮುಚ್ಚಿದ್ವು."

ಬೈದಿದ್ದರೇ ವಾಸಿಯಿತ್ತು. ಆದರೂ ಉಂಗುರಗಳಿಗೆ ಪುಡಿ ತುಂಬಿ, ಉಳಿದಷ್ಟಕ್ಕೆ ಮುಟ್ಟಿಸಿದರು. ಮಧ್ಯಾಹ್ನ ಹೆಂಗಸರೆಲ್ಲ ಬಂದು ಒಡ್ಡಿನ ಮೇಲಿನ ಗಾಡಿಯನ್ನು ಎತ್ತಿ ಇಳಿಸಿದರು. ಕೆಸರು ಮೆತ್ತಿಕೊಂಡು ಕೂತಿದ್ದ ಅದನ್ನು ಕಂಡು ಒಬ್ಬಳು, ಗಂಡ ತರತೀನಂತ ಹೋಗಿ ಎಮ್ಮಿ ತಂದಾಳ ನಮ್ಮಕ್ಕ ಎಂದಳು. ಗದಿಗೆವ್ವನೂ ನಕ್ಕಳು.

ಪ್ರೇಮಕುಮಾರ ಕೂಗಾಡಲಿಲ್ಲ. ಕುರ್ಚಿ ತೋರಿಸಿ ಕೂರಿಸಿದ, ನೀರು ತರಿಸಿದ.

"ಗದಿಗೆವ್ವಾರ, ಇನ್ನೊಂದ ಸಲ ಹಿಂಗಾದ್ರ ಹೊಳಿ ದಂಡಿ ಲೈನ ಹುಲಿಗೇಶಗ ಕೊಡಬೇಕಾಗ್ತದ. ನೀವು ಪ್ಯಾಕಿಂಗಿಗೆ ಬರ್ರಿ. ನೆರಳಾಗಿನ ಕೆಲಸ."

"ನೆರಳಿಗೆ ಬರೂವಷ್ಟ ಬಿಸಿಲ ನಾ ಇನ್ನೂ ಕಂಡಿಲ್ರಿ ಸರ್," ಎಂದು ಹೇಳಿ ಅವಳು ಎದ್ದಳು. ಹೊರಗೆ ಹುಲಿಗೇಶ ನಿಂತಿದ್ದ. ಆ ಲೈನು ನಾನು ಕೇಳಿದ್ದಲ್ಲಕ್ಕ ಎಂದ. ಗೊತ್ತು ಎಂದಳು ಗದಿಗೆವ್ವ. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಬಸ್ ನಿಲ್ದಾಣದ ಎದುರು ನಕ್ಕವರ ಮೇಲೂ ಇರಲಿಲ್ಲ. ಗಾಡಿಯನ್ನು ತಗ್ಗಿಸಿದ್ದು ಹೊಲಕ್ಕಾಗಿ ಅಲ್ಲ, ಅವರ ಕಣ್ಣಿಗಾಗಿ ಎನ್ನುವುದು ಅವಳಿಗೆ ಆ ಒಡ್ಡಿನ ಮೇಲೆಯೇ ತಿಳಿದಿತ್ತು. ಟೊಂಗೆಯೊಂದು ಲಟಕ್ಕೆಂದ ಸಪ್ಪಳ ಇಷ್ಟು ವರ್ಷಗಳ ನಂತರ ಮತ್ತೆ ಕೇಳಿಸಿದಂತಾಗಿತ್ತು.

ಕಚೇರಿಯಿಂದ ನೇರ ಗ್ಯಾರೇಜಿಗೆ ಹೋದಳು.

"ಮಿಸ್ತ್ರಿ, ಏರಸ್ರಿ. ಕಂಪನ್ಯಾಗ ಹೆಂಗ ಇತ್ತೋ ಹಂಗ."

ಜಹಾಂಗೀರ ಹೊಟ್ಟೆಯ ಕೆಳಗಿನ ತಗಡಿನ ಮೇಲಾದ ತಗ್ಗನ್ನು ಕೈಯಿಂದ ಸವರಿ ನೋಡಿದ. ಹಳೆಯ ಕೊಂಡಿಯನ್ನು ಅರಿವೆಯಲ್ಲಿ ಸುತ್ತಿ ಎತ್ತಿಟ್ಟಿದ್ದ, ಅದನ್ನೇ ತೆಗೆದು ಹಾಕಿದ. ಕೊಯ್ದ ಸ್ಟ್ಯಾಂಡು ಈಗ ಗಿಡ್ಡವಾಯಿತು. ಅದರ ಪಾದಕ್ಕೆ ಒಂದು ದಪ್ಪ ಕಬ್ಬಿಣದ ತುಂಡನ್ನು ವೆಲ್ಡ್ ಮಾಡಿದ. ಅದು ದಪ್ಪ ಅಟ್ಟೆಯ ಚಪ್ಪಲಿ ಮೆಟ್ಟಿದಂತೆ ಕಾಣಿಸಿತು. "ಗಾಡಿಗೂ ಎತ್ತರದ ಮೆಟ್ಟ ಆತ ನೋಡು," ಎಂದು ಅವನೇ ನಕ್ಕ.

ಮುಂದಿನದು ಗದಿಗೆವ್ವನ ಕೆಲಸ. ಬೆಳಗಿನ ಸುತ್ತು ಮುಗಿಸಿ, ಸಂಜೆ ಊರ ಹೊರಗಿನ ಕೆರೆಯಂಗಳದ ಬಯಲಿಗೆ ಹೋಗುತ್ತಿದ್ದಳು. ಹಿಡಿಯಲು ಮನೋಹರನೂ ಬಂದ. ಮೊದಲ ದಿನ ಹಿಂದೆ ಹಿಂದೆ ಓಡಿ ಅವನೇ ದಣಿದ. ಎರಡನೆಯ ದಿನ ಅವನನ್ನು ದೂರದ ಬೇವಿನ ಮರದ ಕೆಳಗೆ ಕೂರಲು ಹೇಳಿದಳು. ನಾನು ಬಿದ್ದರೂ ಏಳಬಾರದು ಎಂದಳು. ಅವನು ಕೂತ. ಅವಳು ಬಿದ್ದಳು. ಅವನು ಅರ್ಧ ಎದ್ದು, ಅವಳ ನೋಟ ಕಂಡು ಮತ್ತೆ ಕೂತ. ಬಿದ್ದ ಗಾಡಿಯನ್ನು ಎದುರಿನಿಂದ ಜಗ್ಗಿದರೆ ಸೊಂಟ ಉಳುಕುತ್ತದೆ. ಅದಕ್ಕೆ ಬೆನ್ನು ಕೊಟ್ಟು, ಸೀಟಿಗೆ ಪೃಷ್ಠ ಆನಿಸಿ, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಹಿಡಿಕೆಗೆ ಕೊಟ್ಟು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋದರೆ ಅದು ಏಳುತ್ತದೆ. ಕಾಲಿನ ಬಲದಿಂದ ಏಳುತ್ತದೆ. ಕ್ರಾಸಿಂಗಿನ ಸಾಲುಗಳಲ್ಲಿ ದಿನವಿಡೀ ನಿಂತ ಕಾಲು ಅವಳದು.

ಎರಡು ಕಾಲು ಚಾಚುವುದನ್ನು ಮೊದಲು ಬಿಟ್ಟಳು. ಎರಡನ್ನೂ ಊರಲು ಹೋದರೆ ಎರಡೂ ಅರ್ಧಮರ್ಧ. ನಿಲ್ಲುವ ಮುಂಚೆಯೇ ಸೀಟಿನ ಮೇಲೆ ಎಡಕ್ಕೆ ಸರಿದು, ಬಲಗಾಲನ್ನು ಬ್ರೇಕಿನ ಮೇಲೆ ಬಿಟ್ಟು, ಎಡಗಾಲೊಂದನ್ನೇ ಇಳಿಬಿಟ್ಟರೆ ಅದು ಹಿಮ್ಮಡಿಯವರೆಗೆ ಪೂರ್ತಿ ನೆಲಕ್ಕೆ ಬರುತ್ತಿತ್ತು. ಇನ್ನೊಂದು ಸಂಗತಿ ಅವಳಿಗೆ ನೆನಪಾಯಿತು, ಅಥವಾ ಅವಳ ಕಾಲಿಗೆ ನೆನಪಾಯಿತು. ಹುಡುಗಿಯಾಗಿದ್ದಾಗ ಅಣ್ಣನ ಬೈಕನ್ನು ಯಾವಾಗಲೂ ಒಡ್ಡಿನ ಪಕ್ಕಕ್ಕೇ ತಂದು ನಿಲ್ಲಿಸುತ್ತಿದ್ದಳಲ್ಲ. ನೆಲ ಎಲ್ಲ ಕಡೆ ಒಂದೇ ಮಟ್ಟಕ್ಕೆ ಇರುವುದಿಲ್ಲ. ಎಲ್ಲಿಯಾದರೂ ಒಂದು ಕಡೆ ಅದು ತಾನೇ ಮೇಲೆದ್ದು ಬಂದಿರುತ್ತದೆ. ಅಲ್ಲಿ ನಿಲ್ಲಬೇಕು. ಅಂದಿನಿಂದ ಅವಳು ದಾರಿಯನ್ನು ಬೇರೆ ರೀತಿ ನೋಡತೊಡಗಿದಳು. ಮೇಡ್ಲೇರಿಯ ಕಿರಾಣಿ ಅಂಗಡಿಯ ಕಟ್ಟೆ, ಸೇತುವೆಯ ಅಂಚುಗಲ್ಲು, ಯಾರದೋ ಹೊಲದ ಗಡಿಗಲ್ಲು. ಅವೆಲ್ಲ ಅವಳಿಗಾಗಿಯೇ ಮುಂಚಿನಿಂದ ಅಲ್ಲಿ ಕಾದಿದ್ದವು ಎನ್ನುವ ಹಾಗೆ.

ಮನೋಹರ ಬ್ಯಾಡಗಿಯಿಂದ ಒಂದು ಜೊತೆ ಬೂಟು ತಂದುಕೊಟ್ಟ. ಬಾಗಿಲ ಬಳಿ ಇಟ್ಟು ಕೈಕಾಲು ತೊಳೆಯಲು ಹೋದ.

ಮುಂದಿನ ಮಳೆ ದೀಪಾವಳಿಯ ಹಿಂದುಮುಂದು ಬಂತು, ಮೊದಲಿನದಕ್ಕಿಂತ ಜೋರಾಗಿ. ಬೆಳಿಗ್ಗೆ ಮೇಡ್ಲೇರಿಯಲ್ಲಿ ಡಬ್ಬಿ ತುಂಬಿಸಿಕೊಳ್ಳುವಾಗ ಪ್ರೇಮಕುಮಾರನ ಫೋನು ಬಂತು. ತಾನೂ ಅಂದು ಗಳಗನಾಥದ ಹೊಲಕ್ಕೆ ಬರುವುದಾಗಿ ಹೇಳಿದ. ಯಾಕೆಂದು ಹೇಳುವ ಅಗತ್ಯವಿರಲಿಲ್ಲ. ಗದಿಗೆವ್ವ ಡಬ್ಬಿಯನ್ನು ಹಿಂದಿನ ಕ್ಯಾರಿಯರಿಗೆ ಕಟ್ಟದೆ ಬೆನ್ನಿಗೆ ಕಟ್ಟಿಕೊಂಡಳು.

ಉಳಿದ ಹೊಲಗಳು ಮುಗಿದವು. ಹೊಲದ ದಾರಿಯ ಬಾಯಿಗೆ ಬಂದಾಗ ಟ್ರ್ಯಾಕ್ಟರಿನ ಜಾಡುಗಳಲ್ಲಿ ನೀರು ನಿಂತು ಆಕಾಶ ಕಾಣಿಸುತ್ತಿತ್ತು. ಅವಳು ಈ ಸಲ ಕಾಲು ಇಳಿಬಿಡಲಿಲ್ಲ. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತಳು. ನಿಂತರೆ ಗಾಡಿ ಕಾಲುಗಳ ನಡುವೆ ತನ್ನಷ್ಟಕ್ಕೆ ತಾನು ಹೊಯ್ದಾಡುತ್ತದೆ, ಮೈ ಹೊಯ್ದಾಡುವುದಿಲ್ಲ. ನಿಂತಾಗ ಅವಳ ಕಣ್ಣು ಗೋವಿನಜೋಳದ ತೆನೆಗಳ ಮೇಲಿನಿಂದ ಹೊಳೆಯವರೆಗೆ ಹೋಗುತ್ತಿತ್ತು. ಇಷ್ಟು ಎತ್ತರದಿಂದ ಈ ಹೊಲಗಳನ್ನು ಅವಳು ಎಂದೂ ನೋಡಿರಲಿಲ್ಲ.

ಒಡ್ಡು ಬಂತು. ಮುಂದಿನ ಗಾಲಿ ಹತ್ತಿತು. ಕೆಳಗಿನಿಂದ ಧಡ್ ಎನ್ನುವ ಸಪ್ಪಳ ಬರಲಿಲ್ಲ. ಹಿಂದಿನ ಗಾಲಿಯೂ ಹತ್ತಿ, ಇಳಿಯಿತು.

ಎದುರಿಗೆ ಟ್ರ್ಯಾಕ್ಟರು ಬರುತ್ತಿತ್ತು. ಹಿಂದೆ ಮೇವು ತುಂಬಿದ ಟ್ರೇಲರು. ಹೊಡೆಯುತ್ತಿದ್ದವನು ಪಕ್ಕದ ಹೊಲದ ಮೈಲೇಶ. ಟ್ರೇಲರು ಹಿಂದಕ್ಕೆ ಸರಿಯುವಂತಿರಲಿಲ್ಲ. ಅವಳು ನಿಂತು ದಾರಿ ಬಿಡಬೇಕು. ಆದರೆ ಅವಳಿದ್ದಲ್ಲಿ ಎಡಕ್ಕೆ ಕಾಲುವೆ, ಎಡಗಾಲಿಗೆ ನೆಲವೇ ಇಲ್ಲ. ಮೈಲೇಶ ಅಲ್ಲೇ ನಿಲ್ಲುವಂತೆ ಕೈ ಮಾಡಿದ. ಗದಿಗೆವ್ವ ನಿಲ್ಲಲಿಲ್ಲ. ಅವನಿಗೂ ಅವಳಿಗೂ ನಡುವೆ, ಎಡಗಡೆ, ಕಾಲುವೆ ಮುಗಿದು ಬದು ಶುರುವಾಗುವ ಕಡೆ ನೆಲ ಮೊಳಕಾಲೆತ್ತರ ಎದ್ದಿತ್ತು. ಅದನ್ನೇ ನೋಡುತ್ತ ಅವಳು ಟ್ರ್ಯಾಕ್ಟರಿನ ಮೂತಿಗೆ ನೇರವಾಗಿ, ನಿಧಾನವಾಗಿ ನಡೆಸಿದಳು. ಮೈಲೇಶ ಕೂಗುತ್ತಲೇ ಬ್ರೇಕು ಒತ್ತಿದ. ಬದು ಬಂದೊಡನೆ ಅವಳು ಎಡಕ್ಕೆ ಸರಿದು, ಗಾಡಿಯನ್ನು ಅಂಚಿಗೆ ತಂದು, ಎಡಗಾಲನ್ನು ಬದುವಿನ ಮೇಲೆ ಊರಿದಳು. ಬೂಟಿನ ಹಿಮ್ಮಡಿ ಒದ್ದೆ ಮಣ್ಣಿನಲ್ಲಿ ಗಟ್ಟಿಯಾಗಿ ಕೂತಿತು.

ಟ್ರ್ಯಾಕ್ಟರು ಗೇಣು ಅಂತರದಲ್ಲಿ ಹಾದುಹೋಗುವಾಗ ಮೈಲೇಶ ಬಗ್ಗಿ ಕೇಳಿದ: "ನನ್ನ ಮ್ಯಾಲನ ಬಂದಂಗ ಮಾಡಿದ್ಯಲ್ಲಬೇ ಯಕ್ಕಾ?"

"ನಿನ್ನ ಮ್ಯಾಲ ಅಲ್ಲೋ ತಮ್ಮಾ. ಈ ಬದುವಿಗೆ ಬಂದೆ."

ಟ್ರೇಲರು ಕಲಸಿ ಹೋದ ಕೆಸರಿನಲ್ಲಿ ಅವಳು ಮತ್ತೆ ಹೊರಡುವಾಗ ಬೈಕಿನ ಹಿಂದಿನ ಗಾಲಿ ಜಾರಿತು. ಗಾಡಿ ಬಲಕ್ಕೆ ಮಲಗಿತು, ಅವಳೂ ಮಲಗಿದಳು. ಮೈಲೇಶ ದೂರದಲ್ಲಿ ಟ್ರ್ಯಾಕ್ಟರು ನಿಲ್ಲಿಸಿ ಇಳಿಯತೊಡಗಿದ್ದು ಕಂಡಿತು. ಅವಳು ಕೈಯೆತ್ತಿ ಬೇಡ ಎಂದಳು. ಬೆನ್ನ ಮೇಲಿನ ಡಬ್ಬಿಯನ್ನು ಮುಟ್ಟಿ ನೋಡಿಕೊಂಡಳು. ಮುಚ್ಚಳ ಹಾಗೇ ಇತ್ತು. ಗಾಡಿಗೆ ಬೆನ್ನು ಕೊಟ್ಟು, ಸೀಟಿಗೆ ಆನಿಸಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟಳು. ಕೆಸರು ಬಿಡಲಿಲ್ಲ. ಮತ್ತೊಮ್ಮೆ ಇಟ್ಟಳು. ಕೆಸರು ಬಾಯಿ ಬಿಟ್ಟಂತೆ ಸಪ್ಪಳ ಮಾಡಿ ಗಾಡಿಯನ್ನು ಬಿಟ್ಟುಕೊಟ್ಟಿತು. ಎಡಗಾಲಿಗೆ ಬದು ಸಿಗುವಲ್ಲಿಗೆ ತಳ್ಳಿಕೊಂಡು ಹೋಗಿ, ಹತ್ತಿ ಹೊರಟಳು.

ಹೊಲದಲ್ಲಿ ಇಬ್ಬನಿ ಆರಿತ್ತು, ಬಿಸಿಲು ಇನ್ನೂ ಎಳೆಯದಿತ್ತು. ಉಡಚವ್ವ ಬದುವಿನ ಮೇಲೆ ನಿಂತು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಒಂದು ಮಗ್ಗುಲು ಪೂರ್ತಿ ಕಪ್ಪು ಕೆಸರು.

"ಗಂಡ ಎಲ್ಯದಾನಬೇ?"

ಗದಿಗೆವ್ವ ಬೆನ್ನು ತಿರುಗಿಸಿ ಡಬ್ಬಿ ತೋರಿಸಿದಳು.

"ಇವತ್ತ ಹೂವಕ್ಕಿಂತ ನೀನ ಲಗೂ ಬಂದಿ," ಎಂದು ಉಡಚವ್ವ ಅವಳ ಬೆನ್ನಿನಿಂದ ತಾನೇ ಡಬ್ಬಿ ಬಿಚ್ಚಿದಳು.

ಉಂಗುರಗಳು ತುಂಬಿದವು. ಹೆಂಗಸರು ಸಾಲುಗಳೊಳಗೆ ಇಳಿದರು. ಸ್ವಲ್ಪ ಹೊತ್ತಿಗೆ ಪ್ರೇಮಕುಮಾರ ಬಂದ, ನಡೆದು. ಅವನ ಜೀಪು ಒಡ್ಡಿನ ಆಚೆಗೇ ನಿಂತಿತ್ತು. ಪ್ಯಾಂಟನ್ನು ಮೊಳಕಾಲಿನವರೆಗೆ ಮಡಚಿದ್ದ, ಶೂಗಳು ಕೈಯಲ್ಲಿದ್ದವು. ಸಾಲುಗಳ ನಡುವೆ ಒಂದು ಸುತ್ತು ಹಾಕಿದ. ಅದ್ದಿ ತೆಗೆದ ಹೂಗಳನ್ನು ನೋಡಿದ, ತುದಿಯಲ್ಲಿ ಅಂಟಿದ ಹಳದಿಯನ್ನು ನೋಡಿದ. ಬದುವಿಗೆ ಒರಗಿ ನಿಂತಿದ್ದ ಗಾಡಿಯನ್ನು, ಅದರ ಸ್ಟ್ಯಾಂಡಿನ ದಪ್ಪ ಪಾದವನ್ನೂ ನೋಡಿದ. ಹುಲಿಗೇಶನ ಮಾತು ಎತ್ತಲಿಲ್ಲ.

"ನಾಳಿಗೆ ಎಷ್ಟ ಬಾಟ್ಲಿ ಬೇಕಾಗ್ತಾವ್ರಿ, ಗದಿಗೆವ್ವಾರ?"

"ಇವತ್ತಿಗಿಂತ ಎರಡ ಹೆಚ್ಚ ಇರಲಿ ಸರ್. ಮೊಗ್ಗು ಭಾಳ ಬಂದಾವ," ಎಂದಳು. ಹೇಳಿ ತಾನೂ ಒಂದು ಉಂಗುರ ತೊಟ್ಟು ಸಾಲಿನೊಳಗೆ ಹೋದಳು. ಮೇಲಿನ ಟೊಂಗೆಯ ಹೂವಿಗೆ ಕೈ ನಿಲುಕಲಿಲ್ಲ. ಅತ್ತಿತ್ತ ನೋಡಿ, ಖಾಲಿ ಡಬ್ಬಿಯನ್ನು ಬೋರಲು ಹಾಕಿ ಹತ್ತಿದಳು.

ಸಂಜೆ ಮನೋಹರ ಬ್ಯಾಡಗಿಯಿಂದ ಬಂದಾಗ ಗಾಡಿ ತೊಳೆದು ನಿಲ್ಲಿಸಿತ್ತು. ಬಾಗಿಲ ಬಳಿ ಬೂಟುಗಳಿದ್ದವು. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು, ಕಡ್ಡಿ ತೆಗೆದುಕೊಂಡು, ಮಣ್ಣು ಕೆತ್ತತೊಡಗಿದ. ಬಲಗಾಲಿನ ಬೂಟಿನ ಕೆಸರು ಬೇಗ ಉದುರಿತು. ಎಡಗಾಲಿನದಕ್ಕೆ ಹಿಮ್ಮಡಿಯವರೆಗೆ ಎರೆಮಣ್ಣು ಕಚ್ಚಿ ಒಣಗಿತ್ತು. ಅದನ್ನು ಬಿಡಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು.